ಖಾತೆಯ ಮೇಲೆ ಪದ್ಮಾಸನ

ಬೆಳಗಿನ ಹೊತ್ತು ಎರಡು ಸಲ ಮೂಗು ಹಿಡಿದು ಬಿಟ್ಟವರು ನನ್ನೆದುರು ಬಂದು ‘ಆಹಾ, ಮೈಯೆಲ್ಲ ಚೈತನ್ಯ!’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯೋಗದ ಮೇಲೆ ನನಗೆ ಸಿಟ್ಟಿಲ್ಲ. ಅದು ದೊಡ್ಡದು, ನನ್ನ ಸಿಟ್ಟು ಅದಕ್ಕೆ ತಾಕುವುದೂ ಇಲ್ಲ. ಸಿಟ್ಟೆಲ್ಲ ಯೋಗಿಗಳ ಮೇಲೆ. ಒಂದು ಕಾಲಕ್ಕೆ ನಾನೂ ಅವರಲ್ಲೊಬ್ಬನಾಗಿದ್ದೆ ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇಕೆ?

ಐವತ್ತರ ದಶಕದ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕಡೆಯ ನೀರು ಕುಡಿದ ಗುಮಾಸ್ತ ನಾನು. ಇದು ನಡೆದದ್ದು ಯಾವ ತಾಲ್ಲೂಕು ಕಚೇರಿಯಲ್ಲಿ ಎಂದು ಮಾತ್ರ ಕೇಳಬೇಡಿ. ಅಲ್ಲಿಗೆ ವರ್ಗವಾಗಿ ಬಂದ ಅಮಲ್ದಾರರಿಗೆ ಯೋಗದ ಹುಚ್ಚು. ನೌಕರರಲ್ಲಿ ಸಾತ್ವಿಕ ಶಕ್ತಿ ತುಂಬಬೇಕೆಂದು ದಿನಾ ಹನ್ನೊಂದು ಗಂಟೆಗೆ ಪಡಸಾಲೆಯಲ್ಲಿ ಜಮಖಾನ ಹಾಸಿಸಿ ಅರ್ಧ ಗಂಟೆ ಪ್ರಾಣಾಯಾಮ ಮಾಡಿಸುತ್ತಿದ್ದರು. ರಾಮನಾಥಪುರದ ಹೊಗೆಸೊಪ್ಪಿನ ನಶ್ಯ ತುಂಬಿದ ಮೂಗು ಅವರದು. ಗಾಳಿ ಯಾವ ದಾರಿಯಲ್ಲಿ ಒಳಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ಆದರೂ ಅಮಲ್ದಾರರು ಉಸಿರು ಹಿಡಿದ ಮೇಲೆ ಗುಮಾಸ್ತರು ಬಿಡುವುದುಂಟೇ? ಎಲ್ಲರೂ ಹಿಡಿದೆವು.

ಯೋಗದ ಏಣಿಗೆ ಎಂಟು ಮೆಟ್ಟಿಲು ಎನ್ನುತ್ತದೆ ಶಾಸ್ತ್ರ. ಆಸನ ಬರುವುದು ಮೂರನೆಯದಾಗಿ. ಸುಳ್ಳಾಡಬೇಡ, ಇನ್ನೊಬ್ಬರದಕ್ಕೆ ಕೈ ಹಾಕಬೇಡ ಎಂಬುದೆಲ್ಲ ಮೊದಲ ಮೆಟ್ಟಿಲಲ್ಲೇ ಇದೆ. ಸರ್ಕಾರಿ ಕಚೇರಿಯಲ್ಲಿ ಆ ಮೆಟ್ಟಿಲ ಮೇಲೆ ನಿಂತರೆ ಹೊಟ್ಟೆಪಾಡು ನಡೆಯಬೇಕಲ್ಲ! ನಾವು ನೇರವಾಗಿ ಮೂರನೆಯದಕ್ಕೆ ನೆಗೆದೆವು. ನನ್ನ ಮಂಡಿಗಳು ಅದಕ್ಕೂ ಬಗ್ಗಲಿಲ್ಲ. ಕೆಳಗೆ ಎತ್ತರಕ್ಕೇನಾದರೂ ಇದ್ದರೆ ಕಾಲು ಮಡಿಸಬಹುದು ಅನ್ನಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಕಡತಗಳ ಗಂಟೊಂದನ್ನು ಹಾಕಿಕೊಂಡು ಕೂತೆ. ಹದವಾಗಿತ್ತು. ಅಂದಿನಿಂದ ಅದೇ ನನ್ನ ಯೋಗಪೀಠವಾಯಿತು.

ಆ ದಿನಗಳಲ್ಲೇ ನಿಂಗಮ್ಮ ಎಂಬ ಹಳ್ಳಿಯ ಹೆಂಗಸು ನಮ್ಮ ಕಚೇರಿಗೆ ಅಲೆಯುತ್ತಿದ್ದಳು. ಗಂಡ ತೀರಿಕೊಂಡು ವರ್ಷವಾಗಿತ್ತು. ಹೊಲದ ಖಾತೆ ತನ್ನ ಹೆಸರಿಗಾದ ಕಾಗದ ಅವಳಿಗೆ ಬೇಕಿತ್ತು. ಕಾಗದವಿಲ್ಲದೆ ಹೊಲಕ್ಕಿಳಿದರೆ ಕಾಲು ಮುರಿಯುತ್ತೇನೆಂದು ಮೈದುನ ಹೆದರಿಸಿದ್ದ. ರಾಗಿ ಬಿತ್ತನೆಗೆ ತಾನೇ ನೇಗಿಲು ಹೂಡುವುದರಲ್ಲಿದ್ದ. ಅವಳು ಮೂರು ಸಲ ಬಂದಳು. ಮೂರು ಸಲವೂ ನಾನು ಬೀರುವಿನ ಕಡೆ ತಿರುಗಿಯೂ ನೋಡದೆ, ‘ಕಡತ ಸಿಕ್ಕಿಲ್ಲ, ಬರೋ ವಾರ ಬಾಮ್ಮ’ ಎಂದು ಸಾಗಹಾಕಿದ್ದೆ.

ನಾಲ್ಕನೆಯ ಸಲ ಅವಳು ಬಂದಾಗ ನಾವು ಏಳೆಂಟು ಜನ ಕಣ್ಣು ಮುಚ್ಚಿ, ಬುಸ್ ಬುಸ್ ಎಂದು ಉಸಿರು ಬಿಡುತ್ತ ಓಲಾಡುತ್ತಿದ್ದೆವು. ಅವಳೂರಿನ ಗುಡ್ಡಪ್ಪನ, ಅಂದರೆ ಊರದೇವರ ಪೂಜಾರಿಯ, ಮೈಮೇಲೆ ದೇವರು ಬರುವುದೂ ಹೀಗೆ ಬುಸುಗುಟ್ಟಿಕೊಂಡೇ. ಅರೆಗಣ್ಣಿನಲ್ಲಿ ನೋಡಿದೆ: ಮೆಟ್ಟು ಕಳಚಿಟ್ಟು ಬಂದು, ನನಗೇ ಅಡ್ಡಬಿದ್ದಳು. ಸೆರಗಿನ ತುದಿಯಲ್ಲಿ ಗಂಟು ಹಾಕಿ ತಂದಿದ್ದ ಊರದೇವರ ಹೂವನ್ನು ನನ್ನ ನೆತ್ತಿಯ ಮೇಲಿಟ್ಟಳು.

‘ನಂಗೆ ಖಾತೆ ಆಯ್ತದೆ ಅನ್ನಂಗಿದ್ರೆ ಬಲಗಡೆ ಕೊಡಪ್ಪ. ಇಲ್ಲ ಅನ್ನಂಗಿದ್ರೆ ಎಡಗಡೆ ಕೊಡು.’

ಕಣ್ಣು ಬಿಟ್ಟು ‘ಏಳಮ್ಮ, ನಾನು ಗುಮಾಸ್ತ’ ಎನ್ನಬೇಕಾಗಿತ್ತು. ಪಕ್ಕದಲ್ಲೇ ಅಮಲ್ದಾರರಿದ್ದರಲ್ಲ, ಉಸಿರು ಬಿಗಿಹಿಡಿದು ಕೂತೆ. ಕಾಲು ಜೋಮು ಹಿಡಿದಿತ್ತು. ಕೆಳಗಿನ ಗಂಟು ಜಾರಿತು, ನಾನು ಬಲಕ್ಕೆ ವಾಲಿದೆ, ಹೂವೂ ಬಲಕ್ಕೆ ಬಿತ್ತು.

‘ಬಲಗಡೆ ಕೊಟ್ಬುಟ್ಟ ಕಣ್ರಪ್ಪೋ! ನಾಳಿಕೇ ಒಲಕ್ಕೆ ಇಳೀತೀನಿ. ಅದ್ಯಾರು ತಡೀತಾರೋ ನೋಡೇಬುಡ್ತೀನಿ!’

ಕಾಗದದ ಮಾತನ್ನೇ ಎತ್ತದೆ ನಿಂಗಮ್ಮ ಬಸ್ಸಿಗೆ ಹೊರಟುಹೋದಳು. ಜೋಮು ಹಿಡಿದ ನನ್ನ ಕಾಲನ್ನು ನಂಬಿ ಈ ಹೆಂಗಸು ನಾಳೆ ಆ ಮೈದುನನ ಎದುರು ನಿಲ್ಲುತ್ತಾಳಲ್ಲ! ಪ್ರಾಣಾಯಾಮವನ್ನು ಅರ್ಧಕ್ಕೇ ಬಿಟ್ಟು ಕುಂಟುತ್ತ ಎದ್ದೆ. ಬೀರುಗಳನ್ನೆಲ್ಲ ಜಾಲಾಡಿದೆ. ಎಲ್ಲೂ ಇಲ್ಲ. ಬೆವರೊರೆಸಿಕೊಂಡು ಪಡಸಾಲೆಗೆ ಬಂದರೆ, ಜಾರಿ ಬಿಚ್ಚಿಕೊಂಡಿದ್ದ ನನ್ನ ಯೋಗಪೀಠದೊಳಗಿನ ಕಡತವೊಂದರ ಮೇಲೆ ಅವಳ ಹೆಸರಿತ್ತು. ಖಾತೆ ಅವಳ ಹೆಸರಿಗೆ ಮಾಡುವ ಹುಕುಂ ಎಂದೋ ಆಗಿತ್ತು, ನಕಲು ಬರೆಯುವುದಷ್ಟೇ ಬಾಕಿ. ಒಂದು ತಿಂಗಳಿಂದ ನಾನು ಚೈತನ್ಯ ತುಂಬಿಕೊಳ್ಳುತ್ತಿದ್ದದ್ದು ಅವಳ ಹೊಲದ ಮೇಲೆ ಕೂತು! ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ನಕಲು ಬರೆದೆ. ಧ್ಯಾನದಿಂದ ಆಗತಾನೆ ಎದ್ದಿದ್ದ ಅಮಲ್ದಾರರು ಪ್ರಸನ್ನರಾಗಿ, ಓದದೆಯೇ ರುಜು ಹಾಕಿದರು. ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯಿಂದ ಕಾಗದ ಕೊಟ್ಟಾಗ ನಿಂಗಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಏದುಸಿರು ಬಿಡುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ದೇವ್ರು ಯೋಳಿದ್ದಕ್ಕೆ ಎಷ್ಟು ಬಿರ್ನೆ ಓಡಿ ಬಂದ್ರಿ ಸಾ! ಅವ್ನು ದಿನಾ ಬರಂಗೆ ನೋಡ್ಕಳಿ. ಅವ್ನು ಬರ್ದೇ ಇದ್ರೆ ನೀವು ಮ್ಯಾಕ್ಕೇಳಾಕಿಲ್ಲ.’

ಮಾರನೆಯ ದಿನ ಹನ್ನೊಂದು ಗಂಟೆಗೆ ನಾನು ಜಮಖಾನದ ಕಡೆ ಹೋಗಲಿಲ್ಲ. ಸೊಂಟ ಉಳುಕಿದೆ ಎಂದು ಅಮಲ್ದಾರರಿಗೆ ಸುಳ್ಳು ಹೇಳಿ, ಆ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದೆ. ಏಣಿಯ ಮೊದಲ ಮೆಟ್ಟಿಲಲ್ಲೇ ಜಾರಿದೆ, ಒಪ್ಪುತ್ತೇನೆ. ಆದರೆ ಸಂಜೆಯೊಳಗೆ ಇನ್ನೂ ಆರು ಜನ ತಮ್ಮ ತಮ್ಮ ಹೊಲದ ಕಾಗದ ಹಿಡಿದು ಮನೆಗೆ ಹೋದರು.