ವೆಂಕಟೇಶಮೂರ್ತಿಗಳು ಹುದ್ದೆ ಅಲಂಕರಿಸಿದ ಬಗೆ

ಶಿಡ್ಲಘಟ್ಟದ ವೆಂಕಟೇಶಮೂರ್ತಿಯವರಿಗೆ ಇಂಗ್ಲಿಷಿನ ತಲೆ ಗೊತ್ತು, ಬಾಲ ಗೊತ್ತು. ನಡುವಿನ ಹೊಟ್ಟೆಯ ಪರಿಚಯ ಮಾತ್ರ ಆಗದೆ ಉಳಿದುಹೋಗಿತ್ತು. ಅದರಲ್ಲಿ ಅವರ ತಪ್ಪೇನಿಲ್ಲ. ಮೂವತ್ತೊಂದು ವರ್ಷ ಅವರು ಸರ್ಕಾರಿ ಕಚೇರಿಗಳಲ್ಲಿ ಡಿಸ್ಪ್ಯಾಚ್ ಗುಮಾಸ್ತರಾಗಿದ್ದರು. ಮೊದಲು ಚಿಂತಾಮಣಿ, ಆಮೇಲೆ ಗೌರಿಬಿದನೂರು, ಕೊನೆಗೆ ಚಿಕ್ಕಬಳ್ಳಾಪುರ. ಹೊರಗೆ ಹೋಗುವ ಕಾಗದದ ಮೊದಲ ಸಾಲು ನೋಡಿ ರಿಜಿಸ್ಟರಿನಲ್ಲಿ ವಿಷಯ ಬರೆಯಬೇಕು, ಕೊನೆಯ ಸಾಲಿನ ಕೆಳಗೆ ಸಹಿ ಬಿದ್ದಿದೆಯೇ ಎಂದು ನೋಡಿ ನಂಬರು ಹಾಕಬೇಕು, ಲಕೋಟೆಗೆ ಗೋಂದು ಹಚ್ಚಬೇಕು. ನಡುವಿನ ಹದಿನೈದು ಸಾಲು ಓದಲು ಸರ್ಕಾರ ಅವರನ್ನು ನೇಮಿಸಿರಲಿಲ್ಲ; ನೇಮಿಸದ ಕೆಲಸಕ್ಕೆ ಕೈಹಾಕುವ ಚಟ ಅವರಿಗೂ ಇರಲಿಲ್ಲ.

ಹೀಗೆ ಕೂಡಿಬಿದ್ದ ತಲೆ ಬಾಲಗಳನ್ನೇ ಜೋಡಿಸಿಕೊಂಡು ಅವರು ಊರಿನಲ್ಲಿ ಇಂಗ್ಲಿಷ್ ಪಂಡಿತರಾಗಿದ್ದರು. ಹೆಂಡತಿ ಆದಿಲಕ್ಷ್ಮಮ್ಮ ಸಾರಿಗೆ ಉಪ್ಪು ಕಡಿಮೆ ಹಾಕಿದರೆ, ‘ವಿತ್ ಇಮ್ಮೀಡಿಯೇಟ್ ಎಫೆಕ್ಟ್ ಸರಿ ಮಾಡು’ ಎನ್ನುವರು. ಕೇಬಲ್‌ನವನಿಗೆ ‘ಅಂಟಿಲ್ ಫರ್ದರ್ ಆರ್ಡರ್ಸ್ ನಮ್ಮನೆ ಕಡೆ ಬರಬೇಡ’ ಎಂದು ಹೇಳಿ ಕಳಿಸಿದ್ದರು. ಅವನು ಬರಲಿಲ್ಲ. ಆದಿಲಕ್ಷ್ಮಮ್ಮನ ಧಾರಾವಾಹಿ ಎರಡು ತಿಂಗಳು ನಿಂತುಹೋಯಿತು.

ಅವರ ಬಳಿ ಇದ್ದ ಇಂಗ್ಲಿಷ್ ಪದಗಳಲ್ಲೆಲ್ಲ ಅತ್ಯಂತ ಬೆಲೆಬಾಳುವುದು ಒಂದಿತ್ತು: ರಿಲಿಂಕ್ವಿಶ್. ಅದನ್ನು ಅವರು ನಿಘಂಟಿನಿಂದ ಎತ್ತಿದ್ದಲ್ಲ, ಕಣ್ಣಾರೆ ಕಂಡು ಕಲಿತದ್ದು. ಸಾಹೇಬರಿಗೆ ವರ್ಗವಾದಾಗ ಕಚೇರಿಯಲ್ಲಿ ಸಮಾರಂಭ ನಡೆಯುತ್ತದೆ. ಸಾಹೇಬರ ಕೊರಳಿಗೆ ಹಾರ, ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ. ಆ ಪೇಟದಲ್ಲೇ ಸಾಹೇಬರು ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ, ಅದು ನಾಲ್ಕು ಪ್ರತಿಗಳಲ್ಲಿ ಡಿಸ್ಪ್ಯಾಚಿಗೆ ಬರುತ್ತದೆ. ಅದರ ಮೊದಲ ಸಾಲಿನಲ್ಲೇ ಸಾಹೇಬರು ಚಾರ್ಜನ್ನು ರಿಲಿಂಕ್ವಿಶ್ ಮಾಡಿದರೆಂದು ಬರೆದಿರುತ್ತದೆ. ಹೊಸದಾಗಿ ಬಂದ ಸಾಹೇಬರ ಹೆಸರಿನ ಮುಂದೆ ‘ಅಸ್ಯೂಮ್’ ಎಂದಿರುತ್ತದೆ. ಅಸ್ಯೂಮ್ ಎಂದರೆ ಊಹಿಸುವುದು ಎಂದು ವೆಂಕಟೇಶಮೂರ್ತಿಗಳಿಗೆ ಹೈಸ್ಕೂಲಿನಿಂದಲೇ ಗೊತ್ತಿತ್ತು. ಲೆಕ್ಕ ಸರಿಹೋಯಿತು. ಹೊಸಬರು ಪಾಪ, ತಾವು ಸಾಹೇಬರೆಂದು ಇನ್ನೂ ಊಹಿಸುತ್ತಿದ್ದಾರೆ. ಹಾರ ಬಿದ್ದಿರುವ ಹಳಬರು ನಿಜವಾಗಿ ಹುದ್ದೆಯನ್ನು ಅಲಂಕರಿಸಿದವರು. ಆಹ್ವಾನ ಪತ್ರಿಕೆಗಳಲ್ಲಿ ‘ಅಧ್ಯಕ್ಷ ಸ್ಥಾನವನ್ನು ಅಲಂಕರಿಸುವರು’ ಎಂದು ಅಚ್ಚಾಗುತ್ತದಲ್ಲ, ಅದೇ ಇದು. ಕನ್ನಡದಲ್ಲಿ ಅಲಂಕರಿಸು, ಇಂಗ್ಲಿಷಿನಲ್ಲಿ ರಿಲಿಂಕ್ವಿಶ್.

ಇಂಥ ಪದವನ್ನು ಸಾರು ಪಲ್ಯದ ವಿಚಾರಕ್ಕೆ ಬಳಸುವುದುಂಟೇ? ತಮ್ಮ ಕೊರಳಿಗೂ ಹಾರ ಬೀಳುವ ಕಾಲಕ್ಕೆಂದು ಅದನ್ನು ಅವರು ಮುಚ್ಚಿಟ್ಟುಕೊಂಡಿದ್ದರು.

ಆ ಕಾಲ ಬರಲು ನಿವೃತ್ತಿಯಾಗಿ ಆರು ವರ್ಷ ಬೇಕಾಯಿತು. ನಿವೃತ್ತರದೊಂದು ಕೂಟವಿದೆ, ಹಿರಿಯ ನೌಕರರ ಕೂಟ ಎಂದು. ಜಿಲ್ಲಾ ಕಚೇರಿ ಚಿಕ್ಕಬಳ್ಳಾಪುರದಲ್ಲಿ, ತಾಲ್ಲೂಕಿಗೊಂದು ಶಾಖೆ. ಶಿಡ್ಲಘಟ್ಟದ ಶಾಖೆಯಲ್ಲಿ ವೆಂಕಟೇಶಮೂರ್ತಿಗಳು ಆರು ವರ್ಷವೂ ಮೂರನೆಯ ಸಾಲಿನಲ್ಲಿ ಕೂತು ವೇದಿಕೆಯ ನಡುವಿನ ಕುರ್ಚಿಯನ್ನು ನೋಡಿದ್ದೇ ನೋಡಿದ್ದು. ಆ ಕುರ್ಚಿಗೆ ಒಂದು ಟರ್ಕಿ ಟವೆಲ್ ಹೊದಿಸಿರುತ್ತಿದ್ದರು. ಅಷ್ಟೇ ವ್ಯತ್ಯಾಸ. ಆದರೆ ಅದರ ಮೇಲೆ ಕೂರದೆ ಸತ್ತರೆ ತಮ್ಮ ಜೀವನ ಬರೀ ಗೋಂದಿನ ವಾಸನೆಯಲ್ಲೇ ಮುಗಿದಂತೆ ಎಂದು ಅವರಿಗೆ ಖಚಿತವಾಗಿತ್ತು.

ಈ ಸಲ ಅವರೇ ಅಧ್ಯಕ್ಷರೆಂದು ಶಾಖೆಯವರು ಒಪ್ಪಿದರು. ಒಪ್ಪಲು ಕಾರಣ ಮುನಿಶಾಮಪ್ಪ. ಮುನಿಶಾಮಪ್ಪ ನಿವೃತ್ತ ಪ್ರೈಮರಿ ಹೆಡ್‌ಮಾಸ್ತರು, ಎಲ್ಲರಿಗೂ ಬೇಕಾದವರು. ಸಭೆಯಲ್ಲಿ ಎಲ್ಲರ ಬಾಯಲ್ಲೂ ಅವರದೇ ಹೆಸರಿತ್ತು. ಅವರೇ ಎದ್ದು, ‘ನಮ್ಮ ಮೂರ್ತಿಗಳಿಗೆ ಆಸೆ ಐತೆ, ಮಾಡ್ಲಿ ಬಿಡ್ರಪ್ಪ’ ಎಂದರು. ವೆಂಕಟೇಶಮೂರ್ತಿಗಳು ಈ ಉಪಕಾರವನ್ನು ಇಂದಿಗೂ ಕ್ಷಮಿಸಿಲ್ಲ. ಆ ಮನುಷ್ಯ ಪಿಂಚಣಿ ಕಾಗದಕ್ಕೂ ಕನ್ನಡದಲ್ಲೇ ಸಹಿ ಹಾಕುವವನು, ಸಾಲದ್ದಕ್ಕೆ ಮಾತಿನ ಮಧ್ಯೆ ತೆಲುಗು. ಅಂಥವನು ಬಿಟ್ಟುಕೊಟ್ಟ ಕುರ್ಚಿಯಲ್ಲಿ ತಾವು ಕೂರುವುದೆಂದರೇನು?

ವಾರದಲ್ಲಿ ಜಿಲ್ಲಾ ಕಚೇರಿಯಿಂದ ಕಾಗದ ಬಂತು: ಅಧ್ಯಕ್ಷರಾಗಲು ತಮ್ಮ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಿಳಿಸಬೇಕು. ಉಳಿದ ತಾಲ್ಲೂಕಿನವರು ‘ಒಪ್ಪಿದ್ದೇನೆ’ ಎಂದು ಗೀಚಿ ಕಳಿಸಿದ್ದರು. ವೆಂಕಟೇಶಮೂರ್ತಿಗಳು ಮೂರು ದಿನ ಕರಡು ತಿದ್ದಿ, ನಾಲ್ಕನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿನ ಪಕ್ಕದ ತನುಜಳ ಜೆರಾಕ್ಸ್ ಅಂಗಡಿಗೆ ಹೋದರು.

ತನುಜ ಟೈಪ್ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿದಳು.

‘ಅಂಕಲ್, ಇದು ಒಪ್ಪಿಗೆ ಪತ್ರ ಅಂದ್ರಲ್ಲ?’

‘ಹೌದಮ್ಮ.’

‘ರಿಲಿಂಕ್ವಿಶ್ ಅಂತ ಐತೆ.’

‘ಇರುತ್ತೆ.’

‘ಅಲ್ಲ ಅಂಕಲ್, ಆ ವರ್ಡು ಇಲ್ಲಿಗೆ ಸರಿಹೋಗುತ್ತಾ? ಒಂದ್ಸಲ ಫೋನಲ್ಲಿ ನೋಡ್ಲಾ?’

ವೆಂಕಟೇಶಮೂರ್ತಿಗಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳನ್ನು ನೋಡಿದರು. ‘ಏನು ಓದಿದೀಯಮ್ಮ ನೀನು?’

‘ಬಿಕಾಂ.’

‘ನೀನು ಹುಟ್ಟೋಕೆ ಮುಂಚೆ ನಾನು ಈ ಪದಾನ ನಾಲ್ಕು ನಾಲ್ಕು ಕಾಪಿ ಡಿಸ್ಪ್ಯಾಚ್ ಮಾಡಿದೀನಿ. ನೀನು ಒತ್ತು.’

ತನುಜ ಒತ್ತಿದಳು. ಪತ್ರ ಹೀಗಿತ್ತು: ‘ವಿತ್ ರೆಫರೆನ್ಸ್ ಟು ದಿ ಅಬವ್, ಐ ಯಾಮ್ ವೆರಿ ಹ್ಯಾಪಿ ಟು ರಿಲಿಂಕ್ವಿಶ್ ದಿ ಪೋಸ್ಟ್ ಆಫ್ ಪ್ರೆಸಿಡೆಂಟ್ ವಿತ್ ಇಮ್ಮೀಡಿಯೇಟ್ ಎಫೆಕ್ಟ್ ಅಂಟಿಲ್ ಫರ್ದರ್ ಆರ್ಡರ್ಸ್.’ ತಲೆ, ಬಾಲ, ನಡುವೆ ಒಂದೇ ಒಂದು ಕ್ರಿಯಾಪದ. ಸಹಿಯ ಕೆಳಗೆ ಎರಡು ಗೆರೆ ಎಳೆದು, ಲಕೋಟೆಗೆ ತಾವೇ ಗೋಂದು ಹಚ್ಚಿ ಕಳಿಸಿದರು.

ಜಿಲ್ಲಾ ಕಾರ್ಯದರ್ಶಿ ವಿಶಾಲಾಕ್ಷಮ್ಮ ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು. ಪತ್ರ ಓದಿ ಅವರೇ ಫೋನು ಮಾಡಿದರು.

‘ಮೂರ್ತಿಗಳೇ, ರಿಲಿಂಕ್ವಿಶ್ ಅಂತ ಬರ್ದಿದೀರಿ.’

‘ಹೌದು ಮೇಡಂ.’ ಪದ ತಲುಪಬೇಕಾದವರಿಗೆ ತಲುಪಿತೆಂದು ಮೂರ್ತಿಗಳಿಗೆ ಹಿಗ್ಗು.

‘ಯೋಚನೆ ಮಾಡಿ ಬರ್ದಿದೀರಾ?’

‘ಆರು ವರ್ಷದಿಂದ ಅದೇ ಯೋಚನೆ ಮೇಡಂ.’

‘ಆರೋಗ್ಯ ಏನಾದ್ರೂ ಸರಿ ಇಲ್ವಾ?’

‘ಆರೋಗ್ಯ ಕಲ್ಲುಗುಂಡು. ಅದಕ್ಕೇ ರಿಲಿಂಕ್ವಿಶ್ ಮಾಡ್ತಿರೋದು.’

‘ಶಾಖೆಯವರಿಗೆ ಬೇಜಾರಾಗಲ್ವಾ?’

‘ಒಬ್ರಿಗೋ ಇಬ್ರಿಗೋ ಹೊಟ್ಟೆ ಉರೀಬಹುದು ಮೇಡಂ. ಯಾರೇನೇ ಅಂದ್ರೂ ನಾನು ರಿಲಿಂಕ್ವಿಶ್ ಮಾಡೋನೇ.’

ವಿಶಾಲಾಕ್ಷಮ್ಮ ಪತ್ರವನ್ನು ಇನ್ನೊಮ್ಮೆ ಓದಿದರು. ‘ಅಲ್ಲ, ನೀವು ಯಾವ ಅರ್ಥದಲ್ಲಿ ಬರೆದ್ರಿ ಅಂತ ಕನ್ನಡದಲ್ಲಿ ಒಂದ್ಸಲ ಹೇಳ್ತೀರಾ?’

ಇದು ಪರೀಕ್ಷೆ ಎಂದು ಮೂರ್ತಿಗಳಿಗೆ ಹೊಳೆಯಿತು. ಮೇಡಮ್ಮುಗಳ ಬುದ್ಧಿ ನಿವೃತ್ತಿಯಾದರೂ ಹೋಗುವುದಿಲ್ಲ. ‘ಕನ್ನಡದಲ್ಲಿ ಅದರ ತೂಕ ಬರಲ್ಲ ಮೇಡಂ’ ಎಂದರು. ಪರೀಕ್ಷೆಯಲ್ಲಿ ಪಾಸಾದ ಖುಷಿಯಲ್ಲಿ ಆ ಸಂಜೆ ಹೆಂಡತಿಗೆ ಮೈಸೂರು ಪಾಕು ತಂದುಕೊಟ್ಟರು.

ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಪದಗ್ರಹಣ. ಆದಿಲಕ್ಷ್ಮಮ್ಮ ಗಂಟಿನ ಸೀರೆ ಉಟ್ಟಿದ್ದರು, ಎಂದರೆ ಬೀರುವಿನ ಕೆಳಗಿನ ಅರೆಯಲ್ಲಿ ಗಂಟುಕಟ್ಟಿ ಇಟ್ಟಿರುತ್ತಿದ್ದ ಮದುವೆ ಮುಂಜಿಯ ಸೀರೆ. ಮೂರ್ತಿಗಳು ಕೋಟು ಹಾಕಿದ್ದರು. ಸಭಾಂಗಣದ ಬಾಗಿಲಲ್ಲಿ ಕಾರ್ಯಸೂಚಿಯ ಹಾಳೆ ಹಂಚುತ್ತಿದ್ದರು. ಮೂರನೆಯ ವಿಷಯ: ‘ಶಿಡ್ಲಘಟ್ಟ ಶಾಖೆಯ ಅಧ್ಯಕ್ಷ ಸ್ಥಾನವನ್ನು ಶ್ರೀ ವೆಂಕಟೇಶಮೂರ್ತಿಯವರು ಬಿಟ್ಟುಕೊಟ್ಟಿರುವುದನ್ನು ಅಂಗೀಕರಿಸಿ, ಬೇರೆಯವರನ್ನು ಆರಿಸುವುದು.’

ಹಾಳೆ ಹಿಡಿದುಕೊಂಡು ಅವರು ನೇರವಾಗಿ ವಿಶಾಲಾಕ್ಷಮ್ಮನವರ ಮುಂದೆ ನಿಂತರು.

‘ಮೇಡಂ, ನಿಮ್ಮ ಟೈಪಿಸ್ಟು ಎಡವಟ್ಟು ಮಾಡಿದಾನೆ. ಇಂಥೋರನ್ನ ಇಟ್ಕೊಂಡು ಹೆಂಗೆ ಕೆಲಸ ಮಾಡ್ತೀರೋ.’

‘ಟೈಪ್ ಮಾಡಿದ್ದು ನಾನೇ ಮೂರ್ತಿಗಳೇ,’ ಎಂದ ವಿಶಾಲಾಕ್ಷಮ್ಮ ಫೈಲಿನಿಂದ ಅವರ ಪತ್ರ ತೆಗೆದು, ಆ ಪದದ ಕೆಳಗೆ ಬೆರಳಿಟ್ಟರು. ‘ಇದರ ಪ್ರಕಾರ.’

ಮೂರ್ತಿಗಳು ಪದವನ್ನು ನೋಡಿದರು. ಅಕ್ಷರ ತಪ್ಪಿರಲಿಲ್ಲ. ‘ಒಂದೈದು ನಿಮಿಷ’ ಎಂದು ಹೊರಗೆ ಬಂದು, ಕೈತೊಳೆಯುವ ಜಾಗದ ಪಕ್ಕ ನಿಂತು, ದನಿ ತಗ್ಗಿಸಿ ತನುಜಳಿಗೆ ಫೋನು ಮಾಡಿದರು.

‘ಏನಮ್ಮ, ಅವತ್ತು ಒಂದು ಪದ ನೋಡ್ತೀನಿ ಅಂದ್ಯಲ್ಲ. ಒಂಚೂರು ನೋಡು.’

‘ಅವತ್ತೇ ನೋಡ್ದೆ ಅಂಕಲ್, ನೀವು ಆಚೆ ಹೋದ್ಮೇಲೆ. ಬಿಟ್ಟುಕೊಡು ಅಂತ.’

‘ಬೇರೆ ಅರ್ಥ?’

‘ತ್ಯಜಿಸು. ಕೈಬಿಡು. ಹಕ್ಕು ತೊರೆ.’

‘ಪೂರ್ತಿ ನೋಡಮ್ಮ. ಅಲಂಕರಿಸು ಅಂತ ಕೆಳಗಡೆ ಇರಬೇಕು.’

‘ಕೆಳಗಡೆ ಫೇಸ್‌ಕ್ರೀಮ್ ಅಡ್ವರ್ಟೈಸ್‌ಮೆಂಟ್ ಐತೆ ಅಂಕಲ್.’

ಮೂರ್ತಿಗಳು ಫೋನನ್ನು ಜೇಬಿಗೆ ಹಾಕಿದರು. ಮೂವತ್ತೊಂದು ವರ್ಷ ಪೇಟ ತೊಟ್ಟು ಸಹಿ ಹಾಕಿದ ಸಾಹೇಬರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಕುರ್ಚಿ ಬಿಟ್ಟು ಎದ್ದು ಹೋದರು. ಮಾರನೆಯ ದಿನ ಆ ಸಾಹೇಬರು ಕಚೇರಿಗೆ ಬಂದದ್ದನ್ನು ತಾವು ಒಮ್ಮೆಯೂ ನೋಡಿರಲಿಲ್ಲ ಎಂಬುದು ಅವರಿಗೆ ಮೊದಲ ಬಾರಿಗೆ ಹೊಳೆಯಿತು. ಇಷ್ಟು ಸಣ್ಣ ಸಂಗತಿ ಗಮನಕ್ಕೆ ಬಾರದಷ್ಟು ದೊಡ್ಡ ಮನುಷ್ಯರು ಆ ಸಾಹೇಬರು.

ಮೂರನೆಯ ವಿಷಯ ಬಂದಾಗ ವಿಶಾಲಾಕ್ಷಮ್ಮ ಪತ್ರವನ್ನು ಕೈಯಲ್ಲಿ ಹಿಡಿದು ಎದ್ದು ಸಭೆಗೆ ಓದಿದರು. ಅವರಿಗೆ ಈಗ ಎಲ್ಲ ಅರ್ಥವಾಗಿತ್ತು. ಹೈಸ್ಕೂಲಿನಲ್ಲಿ ಇಂಥ ಉತ್ತರಪತ್ರಿಕೆಗಳನ್ನು ಅವರು ಬೇಕಾದಷ್ಟು ತಿದ್ದಿದ್ದರು.

‘ಮೂರ್ತಿಗಳೇ, ಬರೆಯೋವಾಗ ಒಂದು ಪದದ ಬದಲು ಇನ್ನೊಂದು ಬೀಳೋದು ಸಹಜ. ಹಂಗೇನಾದ್ರೂ ಆಗಿದ್ರೆ ಒಂದ್ಮಾತು ಹೇಳಿ. ಇಲ್ಲೇ ಹರಿದು ಹಾಕ್ತೀನಿ, ಮಧ್ಯಾಹ್ನ ನೀವೇ ಅಧ್ಯಕ್ಷರು.’

ಸಭೆಯಲ್ಲಿ ನಲವತ್ತು ಜನ. ನಲವತ್ತೂ ಮುಖಗಳು ಅವರತ್ತ ತಿರುಗಿದವು. ಮೂರ್ತಿಗಳು ಎದ್ದು ನಿಂತರು. ‘ತಪ್ಪಾಗಿದೆ’ ಎಂಬ ನಾಲ್ಕಕ್ಷರದ ಮಾತು. ವೇದಿಕೆಯ ಮೇಲಿನ ಕುರ್ಚಿ ಹತ್ತು ಹೆಜ್ಜೆ. ಅವರು ಬಾಯಿ ತೆರೆದದ್ದೂ ನಿಜ. ‘ತ’ ಎಂಬ ಅಕ್ಷರ ಹಲ್ಲಿನ ತನಕ ಬಂದಿತ್ತು ಎಂದು ಪಕ್ಕದಲ್ಲಿ ಕೂತಿದ್ದ ಆದಿಲಕ್ಷ್ಮಮ್ಮ ಈಗಲೂ ಹೇಳುತ್ತಾರೆ.

ಆಗಲೇ ಮುನಿಶಾಮಪ್ಪ ಸಹಾಯಕ್ಕೆ ಬಂದರು.

‘ಹೇಳ್ಬಿಡಿ ಸ್ವಾಮಿ, ಏಮೈತುಂದಿ? ಏನಾಗಲ್ಲ. ಆ ಪದ ನನಗೂ ಗೊತ್ತಿರಲಿಲ್ಲ.’

ನನಗೂ. ಆ ‘ಊ’ ಮೂರ್ತಿಗಳಿಗೆ ಚುಚ್ಚಿತು. ಮುನಿಶಾಮಪ್ಪ ‘ನನಗೆ ಗೊತ್ತಿರಲಿಲ್ಲ’ ಎಂದಿದ್ದರೆ ಅದು ಜಗತ್ತಿಗೆಲ್ಲ ತಿಳಿದ ವಿಷಯ, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಒಂದು ‘ಊ’ ಕಾರದಿಂದ ಕನ್ನಡದಲ್ಲಿ ಸಹಿ ಹಾಕುವ ಪ್ರೈಮರಿ ಮೇಷ್ಟರು ವೆಂಕಟೇಶಮೂರ್ತಿಗಳ ಹೆಗಲ ಮೇಲೆ ಕೈಹಾಕಿ, ಒಂದೇ ಬೆಂಚಿನಲ್ಲಿ ಕೂರಿಸಿಕೊಂಡುಬಿಟ್ಟಿದ್ದರು. ಇಂಗ್ಲಿಷ್ ಗೊತ್ತಿಲ್ಲದ ಅಧ್ಯಕ್ಷ, ಇಂಗ್ಲಿಷ್ ಗೊತ್ತಿಲ್ಲದ ಮುನಿಶಾಮಪ್ಪ. ಇಬ್ಬರೂ ಸಮ.

ಮೂರ್ತಿಗಳು ‘ತ’ವನ್ನು ನುಂಗಿಕೊಂಡರು. ಕೋಟಿನ ಗುಂಡಿ ಸರಿಮಾಡಿಕೊಂಡರು.

‘ಪದದ ಅರ್ಥ ತಿಳಿದೇ ಬರೆದಿರೋದು,’ ಎಂದರು. ‘ರಿಲಿಂಕ್ವಿಶ್ ಅಂದ್ರೆ ಬಿಟ್ಟುಕೊಡೋದು. ತ್ಯಜಿಸು, ಕೈಬಿಡು, ಹಕ್ಕು ತೊರೆ ಅಂತಾನೂ ಆಗುತ್ತೆ. ಗೊತ್ತಿಲ್ದೋರು ತಿಳ್ಕೊಳ್ಳಿ.’

ಹತ್ತು ನಿಮಿಷದ ಹಿಂದೆ ಕಲಿತ ಪಾಠವನ್ನು ಅವರು ಒಂದಕ್ಷರ ತಪ್ಪದೆ ಒಪ್ಪಿಸಿದರು. ವಿಶಾಲಾಕ್ಷಮ್ಮನವರ ಇಡೀ ಸರ್ವೀಸಿನಲ್ಲಿ ಯಾವ ವಿದ್ಯಾರ್ಥಿಯೂ ಒಂದು ಕ್ರಿಯಾಪದಕ್ಕೆ ಇಷ್ಟು ದುಬಾರಿ ಫೀಜು ಕೊಟ್ಟಿರಲಾರ. ಅವರು ಪತ್ರವನ್ನು ಮಡಿಸಿ ಫೈಲಿನಲ್ಲಿಟ್ಟರು. ಮುನಿಶಾಮಪ್ಪನವರ ಹೆಸರು ಬಂತು, ಕೈಗಳು ಮೇಲೆದ್ದವು. ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ಅವರು, ‘ಎಲ್ರೂ ಹೇಳಿದ್ಮೇಲೆ ಇನ್ನೇನಮ್ಮ, ಮಾಡ್ತೀನಿ’ ಎಂದು ವೇದಿಕೆ ಹತ್ತಿದರು.

ಮಧ್ಯಾಹ್ನದ ಊಟಕ್ಕೆ ಮೂರ್ತಿಗಳು ನಿಲ್ಲಲಿಲ್ಲ. ಶಿಡ್ಲಘಟ್ಟದ ಬಸ್ಸು ಊರು ದಾಟಿದ ಮೇಲೆ ಆದಿಲಕ್ಷ್ಮಮ್ಮ ಕೇಳಿದರು.

‘ಅಲ್ರೀ, ಗೊತ್ತಿರಲಿಲ್ಲ ಅಂದ್ಬಿಟ್ಟಿದ್ರೆ ಏನಾಗ್ತಿತ್ತು?’

‘ನಂಗೆ ಗೊತ್ತಿಲ್ಲ ಅಂತ ನಲವತ್ತು ಜನಕ್ಕೆ ಗೊತ್ತಾಗ್ತಿತ್ತು.’

‘ಈಗ ಗೊತ್ತಾಗ್ಲಿಲ್ವಾ?’

ಮೂರ್ತಿಗಳು ಕೋಟು ಬಿಚ್ಚಿ, ಮಡಿಸಿ ತೊಡೆಯ ಮೇಲಿಟ್ಟುಕೊಂಡರು.