ಒಂಬತ್ತು ಚೌಕಗಳ ಮುಂದೆ ಹೆಣ್ಣಿನ ಕಡೆಯವರು

ಹೊಸದಾಗಿ ಏನನ್ನು ಕೊಂಡರೂ, ಪುಕ್ಕಟೆ ಸಿಕ್ಕರೂ, ಅದರ ಸಂಬಳವಿಲ್ಲದ ಏಜೆಂಟನಾಗಿಬಿಡುವುದು ನನ್ನ ಹುಟ್ಟುಗುಣ. ಮನೆಗೆ ಮಿಕ್ಸಿ ತಂದ ವರ್ಷ ಬೀದಿಯವರು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದರು. ಇನ್ನು ಕಂಪ್ಯೂಟರಿಗೆ ಹೊಸ ಬ್ರೌಸರ್ ಇಳಿಸಿಕೊಂಡ ಮೇಲೆ ನನ್ನ ಬಾಯಿಗೆ ಬೀಗ ಹಾಕುವವರು ಯಾರು? ನಾನಾಗ ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಚನ್ನಪಟ್ಟಣದಲ್ಲಿ ರೈಲು ಹತ್ತಿದರೆ ಪಕ್ಕದಲ್ಲಿ ಕೂತವರಿಗೆ ರಾಮನಗರದವರೆಗೆ ಬ್ರೌಸರಿನ ಗುಣಗಾನ, ಅಲ್ಲಿಂದಾಚೆ ಅದರ ಭವಿಷ್ಯ. ಒಂದೇ ಕಿಟಕಿಯಲ್ಲಿ ಎಷ್ಟು ಪುಟವನ್ನಾದರೂ ತೆರೆಯಬಹುದು, ಒಂದು ಕೆಟ್ಟು ನಿಂತರೂ ಉಳಿದವು ನಡೆಯುತ್ತವೆ, ನಾಳೆ ಕಂಪ್ಯೂಟರಿನ ಕೆಲಸವೆಲ್ಲ ಇದರೊಳಗೇ ಆಗುತ್ತದೆ ಎಂದು ನಾನು ಸಾರುವಷ್ಟರಲ್ಲಿ, ಪಾಪ, ಕೇಳುವವರು ನಿದ್ದೆ ಹೋಗಿರುತ್ತಿದ್ದರು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದರ ನೆನಪಿನ ಶಕ್ತಿ. ಹೊಸ ಪುಟ ತೆರೆದರೆ ಸಾಕು, ನಾವು ಹೆಚ್ಚಾಗಿ ಹೋಗಿಬರುವ ಒಂಬತ್ತು ತಾಣಗಳನ್ನು ಚೌಕ ಚೌಕದ ಸಣ್ಣ ಚಿತ್ರಗಳಾಗಿ ತಾನೇ ಜೋಡಿಸಿ ಇಟ್ಟಿರುತ್ತಿತ್ತು. ಹೇಳದೆಯೇ ಮನಸ್ಸು ಅರಿಯುವ ಈ ಗುಣ ಮನುಷ್ಯರಲ್ಲೂ ಇಲ್ಲ ಎಂದು ಹೊಗಳುತ್ತಿದ್ದೆ. ಮನುಷ್ಯರಾದರೆ ಅರಿತದ್ದನ್ನು ಒಳಗೇ ಇಟ್ಟುಕೊಂಡಾರು ಎಂಬುದು ನನಗೆ ಹೊಳೆದಿರಲಿಲ್ಲ.

ಆಗ ನನಗೆ ಮೂವತ್ತನಾಲ್ಕು. ಕನಕಪುರದ ಹತ್ತಿರದ ಹಳ್ಳಿಗೆ ಹೋಗಿ ಸವಿತಾಳನ್ನು ನೋಡಿ ಬಂದಿದ್ದೆವು. ನಾನು ಕೇಳಿದ ಪೆದ್ದು ಪ್ರಶ್ನೆಗೆ ಅವಳು ನಗು ತಡೆದುಕೊಂಡ ರೀತಿಗೇ ನಾನು ಸೋತುಹೋಗಿದ್ದೆ. ಆದರೆ ನಮ್ಮ ಕಡೆ ಗಂಡು ಒಪ್ಪಿದರೆ ಮುಗಿಯುವುದಿಲ್ಲ. ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ ನೋಡಬೇಕು, ಅವರಿಗೆ ಹಿಡಿಸಿದರಷ್ಟೇ ಮುಂದಿನ ಮಾತು. ಈ ಸಂಬಂಧವೊಂದು ಕೈತಪ್ಪದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ.

ಅವ್ವನದು ಬೇರೆ ಚಿಂತೆ. ಒಂದು ವರ್ಷದಿಂದ ಅವಳ ಬಲಗೈ ಸ್ವಾಧೀನದಲ್ಲಿರಲಿಲ್ಲ. ಮನೆಯ ಅಡುಗೆ ನನ್ನದೇ. ಇದು ಗೊತ್ತಾದರೆ, ಸೊಸೆ ಬೇಕಾಗಿರುವುದು ಒಲೆ ಹಚ್ಚುವುದಕ್ಕೆ ಎಂದು ಅವರು ಅಂದುಕೊಂಡಾರೆಂಬ ಭಯ. ಬಂದವರೆದುರು ಅವ್ವ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದು, ನಾನು ಬಾಯಿ ಮುಚ್ಚಿಕೊಂಡಿರುವುದು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು.

ಬಂದವರು ಸವಿತಾಳ ತಂದೆ ಮತ್ತು ಅವರ ಅಕ್ಕ ಚಿಕ್ಕತಾಯಮ್ಮ. ತಂದೆ ಗೋಡೆ, ಸೂರು, ನಲ್ಲಿ ನೋಡಿದರು. ಚಿಕ್ಕತಾಯಮ್ಮ ನನ್ನನ್ನೇ ನೋಡುತ್ತಿದ್ದರು. ಆ ನೋಟ ತಪ್ಪಿಸಿಕೊಳ್ಳಲು ಇಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿದೆ. ಇದು ಹೊಸ ಬ್ರೌಸರ್, ಇದಕ್ಕೆ ಬಹಳ ಭವಿಷ್ಯವಿದೆ ಎಂದೆ. ನನ್ನ ಭವಿಷ್ಯವನ್ನು ಮರೆತು ಹೊಸ ಪುಟ ತೆರೆದೆ.

ಒಂಬತ್ತು ಚೌಕಗಳೂ ಕಣ್ಣುಬಿಟ್ಟವು. ಮೊದಲನೆಯದರಲ್ಲಿ ಒಂದು ಬೋಳುತಲೆ, ಪಕ್ಕದಲ್ಲೇ ಅದೇ ತಲೆ ಪೊಗದಸ್ತಾದ ಕೂದಲಿನೊಂದಿಗೆ. ಎರಡನೆಯದರಲ್ಲಿ ಒಬ್ಬ ಕುಳ್ಳ ಗೋಡೆಗೆ ಒತ್ತಿ ನಿಂತು ಎತ್ತರ ಅಳೆದುಕೊಳ್ಳುತ್ತಿದ್ದ. ಮೂರನೆಯದು ವಧೂವರರ ತಾಣ, ತುಂಬ ಹೆಣ್ಣುಮಕ್ಕಳ ಫೋಟೋ. ಅದರ ಕೆಳಗೆ ತಟ್ಟೆಯಲ್ಲೊಂದು ರಾಗಿಮುದ್ದೆ. ಓದು ಬಾರದವರಿಗೂ ತಿಳಿಯುವ ಬ್ರೌಸರ್ ಎಂದು ರೈಲಿನಲ್ಲಿ ಹೊಗಳಿದವನು ನಾನೇ. ದಿನವೂ ಆ ಹೊತ್ತಿಗೆ ತಪ್ಪದೆ ಹೋಗುತ್ತಿದ್ದ ಕರೆಂಟು ಅಂದು ಮಾತ್ರ ಹೋಗಲಿಲ್ಲ.

ತಂದೆ ಕೆಮ್ಮಿದರು. ಆ ಫೋಟೋಗಳು ಸವಿತಾಳನ್ನು ನೋಡುವುದಕ್ಕೆ ಮೊದಲಿನವು ಎಂದು ತೊದಲಿದೆ. ಚಿಕ್ಕತಾಯಮ್ಮ ಅದಕ್ಕೆ ಕಿವಿಗೊಡಲಿಲ್ಲ. ಮುದ್ದೆಯ ಮೇಲೆ ಬೆರಳಿಟ್ಟು, “ಇದ್ಯಾಕಪ್ಪ ಇಲ್ಲೈತೆ?” ಎಂದರು.

ಗಂಟಾಗದಂತೆ ಮುದ್ದೆ ತೊಳಸುವುದು ಹೇಗೆಂದು ಯಾರೋ ಪುಣ್ಯಾತ್ಮರು ಬರೆದಿದ್ದಾರೆ ಎಂದೆ.

“ಈ ಮನೇಲಿ ತೊಳ್ಸೋರು ಯಾರು?”

ಬಾಗಿಲಲ್ಲಿ ನಿಂತಿದ್ದ ಅವ್ವ ಕಣ್ಣಲ್ಲೇ ಬೇಡವೆಂದಳು. ಬ್ರೌಸರ್ ಇಷ್ಟೆಲ್ಲ ಹೇಳಿಬಿಟ್ಟ ಮೇಲೆ ನಾನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ನಾನೇ ಎಂದೆ. ಅವ್ವನ ಕೈಯ ವಿಷಯವನ್ನೂ ಹೇಳಿದೆ. ಹೇಳುವಾಗ ನಾಚಿಕೆಯೂ ದುಃಖವೂ ಒಟ್ಟಿಗೇ ಆಯಿತು.

“ಇನ್ನೂ ಗಂಟಾಯ್ತದಾ?”

“ಒಸಿ ಆಯ್ತದೆ,” ಎಂದೆ.

ಚಿಕ್ಕತಾಯಮ್ಮ ತಮ್ಮನ ಕಡೆ ತಿರುಗಿದರು. “ಮನೆ ನೋಡಕ್ಕೆ ಅಂತ ಹೋದ್ರೆ ಎಲ್ರೂ ಪಕ್ಕದ ಮನೆ ಹಸ ತಂದು ಕಟ್ಟಿರ್ತಾರೆ ಕಣ್ಲಾ. ಈ ಹುಡ್ಗ ಮುಚ್ಚಿಡೋದ್ನೆಲ್ಲ ತಾನೇ ತೆಗ್ದು ತೋರಿಸ್ಬುಟ್ಟ. ಕೂದ್ಲು ಹೋದ್ರೆ ಹೋಗ್ಲಿ ಬುಡು.” ಆಮೇಲೆ ಎದ್ದು ಅವ್ವನ ಬಳಿ ಹೋಗಿ, ಸೆರಗಿನೊಳಗಿದ್ದ ಆ ಕೈಯನ್ನು ಹೊರಗೆ ತೆಗೆದು ತಮ್ಮ ಕೈಯಲ್ಲಿ ಹಿಡಿದುಕೊಂಡರು.

ಮದುವೆಯಾಗಿ ಎಷ್ಟೋ ದಿನದ ಮೇಲೆ ಕಾರ್ಖಾನೆಯ ಗೆಳೆಯನೊಬ್ಬ, ಅದೇ ಬ್ರೌಸರಿನಲ್ಲಿ ಒಂದು ಗುಟ್ಟಿನ ಕಿಟಕಿಯೂ ಉಂಟು, ಅದರಲ್ಲಿ ನೋಡಿದ್ದರ ಗುರುತೇ ಉಳಿಯುವುದಿಲ್ಲ ಎಂದು ತೋರಿಸಿಕೊಟ್ಟ. ಊರಿಗೆಲ್ಲ ಅದರ ವೈಶಿಷ್ಟ್ಯ ಸಾರಿದವನಿಗೆ ಇದೊಂದು ಗೊತ್ತಿರಲಿಲ್ಲ. ಸದ್ಯ, ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅಂದು ಅವರು ಒಂಬತ್ತು ಖಾಲಿ ಚೌಕ ನೋಡಿ, ಕಾಫಿ ಕುಡಿದು, ಹೇಳಿ ಕಳಿಸ್ತೀವಿ ಎಂದು ಕನಕಪುರದ ಬಸ್ಸು ಹತ್ತಿರುತ್ತಿದ್ದರು.