ಅಪ್ಪನ ಹಾರ್ಮೋನಿಯಮ್ಮಿನ ವಿಲಾಯತಿ ಕಂಠ

ವಿದೇಶಿ ವಸ್ತುಗಳನ್ನು ಸುಡುವ ದಿನ ಧಾರವಾಡ ಕಡೆಯ ವಿದ್ಯಾರ್ಥಿಯೊಬ್ಬ ಪುಣೆಯ ನಮ್ಮ ಬಿಡಾರಕ್ಕೆ ಬಂದು, ಅಪ್ಪನ ಹಾರ್ಮೋನಿಯಮ್ಮನ್ನು ಎತ್ತಿ ಬಗಲಿಗೆ ಸೇರಿಸಿದ.

“ಕೆಳಗ ಇಡಪಾ ತಮ್ಮಾ, ಅದನ್ನ ಮಾಡಿದಾಂವ ನಾನು,” ಎಂದರು ಅಪ್ಪ. ಬೈಲಹೊಂಗಲದಲ್ಲಿದ್ದಾಗ, ನಾವು ಮಕ್ಕಳೆಲ್ಲ ಮಲಗಿ ಬೆಳೆದ ತೊಟ್ಟಿಲನ್ನು ಬಿಚ್ಚಿ, ಅದರ ಸಾಗವಾನಿ ಹಲಗೆಯಿಂದ ಅವರೇ ಅದನ್ನು ಕಟ್ಟಿದ್ದರು.

ದೇಶಭಕ್ತ ಮಹಾಶಯ ನಕ್ಕ. “ಏನ್ ಚಾಷ್ಟಿ ಮಾಡ್ತೀರಿ ರಾಯರ! ಇಷ್ಟ ನಾಜೂಕ ಕೆಲಸ ನಮ್ಮ ಮಂದಿ ಕೈಲೆ ಆಗ್ತದೇನ್ರಿ?”

ನಮ್ಮ ಮಂದಿಯ ಉದ್ಧಾರಕ್ಕೆ ಹೊರಟವನ ಬಾಯಲ್ಲಿ ಈ ಮಾತು! ನಾನು ಕುದಿಯುತ್ತಿದ್ದೆ. ಅಪ್ಪನಿಗೋ ಸತ್ಯದ ಕಾಯಿಲೆ. “ಪೆಟಿಗಿ ನಂದು. ಒಳಗಿನ ಸ್ವರದ ಪಟ್ಟಿ ಅಷ್ಟ ವಿಲಾಯತೀವು,” ಎಂದು ತಾವೇ ತಿರುಪು ಬಿಚ್ಚಿ, ಹಿತ್ತಾಳೆಯ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಅವನ ಕೈಗಿಟ್ಟರು. ಹಿತ್ತಾಳೆ ಸುಡುವುದಿಲ್ಲ ಎಂಬ ಅಲ್ಪ ವಿಚಾರ ಆ ಮಹಾಕಾರ್ಯಕ್ಕೆ ಅಡ್ಡಿಯಾಗಲಿಲ್ಲ. ಅವುಗಳನ್ನು ಕಿಸೆಗಿಳಿಸಿ, ತನ್ನ ವಿಲಾಯತಿ ಸೈಕಲ್ಲನ್ನೇರಿ ಆತ ದೇಶಸೇವೆಗೆ ತೆರಳಿದ.

ಆ ಸಂಜೆ ಅಪ್ಪ ಎಂದಿನಂತೆ ಭಜನೆಗೆ ಕುಳಿತು ತಿದಿ ಒತ್ತಿದರು. ಬರಿಯ ಗಾಳಿ ಬಂತು. ಮೂಕವಾದ ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತಲೇ ಹಾಡಿ ಮುಗಿಸಿದರು. ಅವರು ಆ ಹುಡುಗನನ್ನು ಅಂದೇ ಕ್ಷಮಿಸಿದ್ದರು. ನಾನು ಇನ್ನೂ ಕ್ಷಮಿಸಿಲ್ಲ.